ಹೆಬ್ಬಾತುಗಳ ದಾಖಲೆ ಕೂಡಿಸುವ ಕೆಲಸ: ಹಾಸನ, ಚಿಕ್ಕಮಗಳೂರಿನ ಕೆರೆಗಳಿಂದ

ಒಂದು ಜಾತಿಯ ಹಕ್ಕಿಯನ್ನು ಎರಡು ಜಾತಿ ಎಂದು ಒಪ್ಪಿಕೊಂಡ ದಿನ, ಅದರ ಬಗ್ಗೆ ಅಲ್ಲಿಯವರೆಗೆ ಬರೆದಿಟ್ಟ ಪ್ರತಿ ಸಾಲನ್ನೂ ಮತ್ತೆ ಓದಬೇಕಾಗುತ್ತದೆ. ಹೆಬ್ಬಾತುಗಳಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆದದ್ದು 2004ರಲ್ಲಿ. ಅಲ್ಲಿಯ ಪಕ್ಷಿತಜ್ಞರ ಸಂಘವಾದ ಅಮೆರಿಕನ್ ಆರ್ನಿಥಾಲಜಿಸ್ಟ್ಸ್ ಯೂನಿಯನ್ ತನ್ನ ಉತ್ತರ ಅಮೆರಿಕದ ಪಕ್ಷಿಪಟ್ಟಿಯ 45ನೇ ಪುರವಣಿಯಲ್ಲಿ ಕೆನಡಾ ಗೂಸ್‌ನ ಸಣ್ಣ ಗಾತ್ರದ ಉಪಜಾತಿಗಳನ್ನು ಬೇರ್ಪಡಿಸಿ ಕ್ಯಾಕ್ಲಿಂಗ್ ಗೂಸ್ ಎಂಬ ಪ್ರತ್ಯೇಕ ಜಾತಿ ಮಾಡಿತು. ದೊಡ್ಡ 7 ಉಪಜಾತಿಗಳು ಹಳೆಯ ಹೆಸರಿನಲ್ಲೇ ಉಳಿದವು, ಸಣ್ಣ 4 ಹೊಸ ಹೆಸರಿಗೆ ಹೋದವು. ಆಗ ಅಲ್ಲಿನ ಪ್ರತಿ ರಾಜ್ಯದಲ್ಲೂ ದಾಖಲೆ ನೋಡಿಕೊಳ್ಳುವವರಿಗೆ ಒಂದೇ ಪ್ರಶ್ನೆ ಎದುರಾಯಿತು: ನಮ್ಮಲ್ಲಿ ಹೊಸ ಜಾತಿ ಯಾವಾಗಿನಿಂದ ಇದೆ, ಎಲ್ಲೆಲ್ಲಿ ಕಂಡಿದೆ? ‘ಕೆನಡಾ ಗೂಸ್, 40’ ಎಂದಷ್ಟೇ ಬರೆದಿದ್ದ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ‘ಗುಂಪಿನಲ್ಲಿ ಮೂರು ಬಹಳ ಸಣ್ಣವು, ಮೋಟು ಕೊಕ್ಕು, ಕುತ್ತಿಗೆ ಗಿಡ್ಡ’ ಎಂದು ಬರೆದಿಟ್ಟ ಕಡೆ ಉತ್ತರ ಸಿಕ್ಕಿತು.

ಕ್ಯಾಕ್ಲಿಂಗ್ ಗೂಸ್ ಉತ್ತರ ಅಮೆರಿಕದ ಹಕ್ಕಿ. ನಮ್ಮ ಕೆರೆಗಳಿಗೆ ಬರುವಂಥದ್ದಲ್ಲ. ಚಳಿಗಾಲದಲ್ಲಿ ಕರ್ನಾಟಕದ ಬಯಲುಸೀಮೆ ಕೆರೆಗಳಿಗೆ ಇಳಿಯುವ ಹೆಬ್ಬಾತು ಎಂದರೆ ಮುಖ್ಯವಾಗಿ ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆ, ಮೈಸೂರು ಕಡೆಯ ಹದಿನಾರು ಕೆರೆ ಈ ಹಕ್ಕಿಗೆ ಹೆಸರುವಾಸಿ. ಆದರೂ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹೆಬ್ಬಾತು ದಾಖಲೆಗಳನ್ನು ಒಂದೆಡೆ ತರುವಾಗ ನಾವು ಎದುರಿಗಿಟ್ಟುಕೊಂಡದ್ದು 2004ರ ಆ ಪಾಠವನ್ನೇ. 2007ರಲ್ಲಿ ಅದೇ ಸಂಸ್ಥೆ ಬೀನ್ ಗೂಸ್ ಎಂಬ ಇನ್ನೊಂದು ಹೆಬ್ಬಾತನ್ನೂ ಟೈಗಾ, ಟುಂಡ್ರಾ ಎಂದು ಎರಡು ಮಾಡಿತು. ಗ್ರೇಲ್ಯಾಗ್ ಹೆಬ್ಬಾತಿನಲ್ಲಿ ಪಶ್ಚಿಮದ್ದು, ಪೂರ್ವದ್ದು ಎಂದು ಎರಡು ಉಪಜಾತಿಗಳಿವೆ. ನಾಳೆ ಯಾವುದು ಒಡೆಯುತ್ತದೋ ಹೇಳಲಾಗದು. ಅದಕ್ಕೇ ಹಕ್ಕಿಯ ಹೆಸರಿನ ಜೊತೆ ಹಕ್ಕಿ ಹೇಗಿತ್ತು ಎಂಬ ವಿವರವನ್ನೂ ಕೂಡಿಸುತ್ತೇವೆ. ಮುಂದೆ ಬರೆದಿರುವುದೆಲ್ಲ ಈ ಒಂದು ನಿರ್ಧಾರದಿಂದ ಹುಟ್ಟಿದ ಕೆಲಸ.

ಮೊದಲು ಎಲ್ಲೆ ಗುರುತಿಸಿಕೊಳ್ಳಬೇಕು. ಎರಡು ಜಿಲ್ಲೆಗಳೂ ಅರ್ಧ ಮಲೆನಾಡು, ಅರ್ಧ ಬಯಲು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಾಫಿ ತೋಟದ ಕೆರೆಗಳಲ್ಲಿ ಹೆಬ್ಬಾತು ಹುಡುಕುವುದು ವ್ಯರ್ಥ. ಸುತ್ತ ದೂರದವರೆಗೆ ಕಣ್ಣು ಹಾಯುವ ಬಯಲು, ಇಳಿಜಾರಾದ ಕೆಸರು ದಡ, ಹತ್ತಿರದಲ್ಲೇ ಕೊಯ್ದ ಹೊಲ, ಈ ಮೂರೂ ಈ ಹಕ್ಕಿಗೆ ಬೇಕು. ಹಾಗಾಗಿ ನಮ್ಮ ಪಟ್ಟಿಯಲ್ಲಿರುವುದು ಪೂರ್ವದ ಕೆರೆಗಳು: ಕಡೂರು ಕಡೆಯ ಮದಗದಕೆರೆ, ಸಖರಾಯಪಟ್ಟಣದ ಅಯ್ಯನಕೆರೆ, ಬೆಳವಾಡಿ, ಹಳೇಬೀಡಿನ ದ್ವಾರಸಮುದ್ರ, ಜಾವಗಲ್, ಬಾಣಾವರ, ಅರಸೀಕೆರೆ, ಶಾಂತಿಗ್ರಾಮ, ಚನ್ನರಾಯಪಟ್ಟಣದ ಸುತ್ತಲಿನ ಕೆರೆಗಳು. ಜೊತೆಗೆ ಗೊರೂರಿನ ಹೇಮಾವತಿ ಮತ್ತು ಬೇಲೂರಿನ ಯಗಚಿ ಜಲಾಶಯಗಳ ಹಿನ್ನೀರು. ಭದ್ರಾ ಹಿನ್ನೀರು ಚಿಕ್ಕಮಗಳೂರು, ಶಿವಮೊಗ್ಗ ಎರಡು ಜಿಲ್ಲೆಗೆ ಹರಡಿಕೊಂಡಿದೆ. ಅಲ್ಲಿಯ ದಾಖಲೆ ಬಂದರೆ ಲಕ್ಕವಳ್ಳಿ ಕಡೆಯದೋ, ನರಸಿಂಹರಾಜಪುರದ ಕಡೆಯದೋ, ಶಿವಮೊಗ್ಗದ ದಡದ್ದೋ ಎಂದು ಕೇಳಿಯೇ ಬರೆದುಕೊಳ್ಳುತ್ತೇವೆ.

ಹಳೆಯ ಬರಹಗಳಲ್ಲಿ ಊರಿನ ಹೆಸರು ದಾರಿ ತಪ್ಪಿಸುತ್ತದೆ. 1947ರವರೆಗೆ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆ ಕಾಲದ ಬರಹದಲ್ಲಿ ‘ಕಡೂರು’ ಎಂದು ಕಂಡರೆ ಅದು ಊರೋ, ತಾಲ್ಲೂಕೋ, ಇಡೀ ಜಿಲ್ಲೆಯೋ ಎಂದು ಮುಂದಿನ ಹಿಂದಿನ ಸಾಲು ಓದಿ ತೀರ್ಮಾನಿಸಬೇಕು. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಮಾಡಿದಾಗ ಗೊರೂರಿನಲ್ಲಿ ಇದ್ದದ್ದು ಹೊಳೆ ಮಾತ್ರ, ಜಲಾಶಯ ಇರಲಿಲ್ಲ. ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಯಗಚಿ ಅದಕ್ಕೂ ಎಷ್ಟೋ ಈಚಿನದು. ನೀರೇ ಇಲ್ಲದಿದ್ದ ಕಾಲದ ಮೌನವನ್ನು ‘ಆಗ ಹಕ್ಕಿ ಬರುತ್ತಿರಲಿಲ್ಲ’ ಎಂದು ಓದಿಬಿಟ್ಟರೆ ಇಡೀ ಲೆಕ್ಕ ಅಡಿಮೇಲಾಗುತ್ತದೆ.

ಮಾಹಿತಿ ಸಿಗುವ ಕಡೆಗಳು ಹಲವು. ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ಏರಿಸುವ ಜಾಲತಾಣ ಇಬರ್ಡ್. ಅದರ ದತ್ತಾಂಶವನ್ನು ಜಿಲ್ಲೆ ಮತ್ತು ಜಾತಿವಾರು ಕೇಳಿ ಇಳಿಸಿಕೊಳ್ಳಬಹುದು. ಅದನ್ನು ತೆರೆದ ಕೂಡಲೇ ಮೂರು ಸಂಗತಿ ನೋಡುತ್ತೇವೆ. ಎಣಿಕೆಯ ಜಾಗದಲ್ಲಿ ‘ಎಕ್ಸ್’ ಇದ್ದರೆ ಹಕ್ಕಿ ಇತ್ತು, ಎಣಿಸಲಿಲ್ಲ ಎಂದರ್ಥ. ಅದನ್ನು 1 ಎಂದು ಬದಲಿಸಕೂಡದು. ಪಟ್ಟಿ ಮಾಡುತ್ತಾ ಸಾಗಿದ ದೂರ 20–30 ಕಿ.ಮೀ. ಇದ್ದರೆ ನಕ್ಷೆಯ ಗುರುತು ಹಲವು ಸಲ ಹೊರಟ ಜಾಗದ್ದಷ್ಟೇ. ಹಾಸನ ಬಸ್ ನಿಲ್ದಾಣದ ಮೇಲೆ ಹೆಬ್ಬಾತು ಕುಳಿತಂತೆ ಕಾಣುವುದು ಹೀಗೆ. ಯಾವ ಕೆರೆ ಎಂದು ನೋಡಿದವರನ್ನೇ ಕೇಳಬೇಕು. ಮೂರನೆಯದು, ‘ಗೂಸ್’ ಎಂಬ ಪದ ಹಾಕಿ ಹುಡುಕಿದರೆ ಕಾಟನ್ ಪಿಗ್ಮಿ ಗೂಸ್ ಕೂಡ ಜೊತೆಗೆ ಬರುತ್ತದೆ. ಅದು ತಾವರೆ ಕೆರೆಗಳಲ್ಲಿರುವ, ಗೇಣುದ್ದಕ್ಕೆ ಸ್ವಲ್ಪ ಮೇಲಿನ ಪುಟ್ಟ ಬಾತು. ಹೆಬ್ಬಾತುಗಳ ಲೆಕ್ಕಕ್ಕೆ ಸೇರದು.

ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಎಂಬ ನೀರಹಕ್ಕಿಗಳ ಎಣಿಕೆ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಕಾಗದದ ನಮೂನೆಯಲ್ಲಿ ತುಂಬಿದ ಹಳೆಯ ಎಣಿಕೆಗಳು ಆಗ ಭಾಗವಹಿಸಿದವರ ಮನೆಯ ಕಡತಗಳಲ್ಲಿ ಇನ್ನೂ ಇರಬಹುದು. ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಅರಣ್ಯ ಇಲಾಖೆಯ ಎಣಿಕೆಗಳು, ಛಾಯಾಗ್ರಾಹಕರ ಹಾರ್ಡ್ ಡಿಸ್ಕ್‌ಗಳು, ವಾಟ್ಸಾಪ್ ಗುಂಪುಗಳು ಇವೆ. ಇವೆಲ್ಲಕ್ಕಿಂತ ಹೆಚ್ಚು ವರ್ಷಗಳ ನೆನಪಿರುವುದು ಕೆರೆಯ ಪಕ್ಕದ ಹೊಲದವರಿಗೆ, ಮೀನಿನ ಗುತ್ತಿಗೆ ಹಿಡಿದವರಿಗೆ, ತೂಬು ನೋಡಿಕೊಳ್ಳುವ ನೀರುಗಂಟಿಗಳಿಗೆ.

ಅವರನ್ನು ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ಮೊಬೈಲಿನಲ್ಲಿ ಪಟ್ಟೆತಲೆ ಹೆಬ್ಬಾತಿನ ಚಿತ್ರ ತೋರಿಸಿ ‘ಇದು ಬರುತ್ತಾ ಅಣ್ಣಾ?’ ಎಂದರೆ, ಕೇಳಿದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ‘ಹೂಂ, ಬರ್ತಾವೆ’ ಎಂದೇ ಹೇಳುತ್ತಾರೆ. ಚಿತ್ರವನ್ನು ಮೊದಲು ತೋರಿಸಲೇಬಾರದು. ‘ಯಜಮಾನ್ರೇ, ಚಳಿಗಾಲದಲ್ಲಿ ಈ ಕೆರೆಗೆ ಹೊರಗಡೆಯಿಂದ ಬರೋ ಹಕ್ಕಿ ಯಾವುವು?’ ಎಂದು ಶುರುಮಾಡಿ ಅವರ ಮಾತಿನಲ್ಲೇ ಹೇಳಲು ಬಿಡಬೇಕು. ‘ದೊಡ್ಡ ಬಾತು’ ಎಂದರೆ ಎಷ್ಟು ದೊಡ್ಡದು, ನೀರಿನಲ್ಲಿ ಇರುತ್ತಾ, ಹೊಲಕ್ಕೆ ಇಳಿಯುತ್ತಾ, ಯಾವ ಹೊತ್ತಿನಲ್ಲಿ ಹಾರುತ್ತೆ, ಹಾರುವಾಗ ಕೂಗುತ್ತಾ, ಯಾವ ಬೆಳೆ ತಿನ್ನುತ್ತೆ ಎಂದು ಒಂದೊಂದಾಗಿ ಕೇಳುತ್ತೇವೆ. ಸಂಜೆಗತ್ತಲಲ್ಲಿ ಸಾಲುಕಟ್ಟಿ ಕೂಗುತ್ತಾ ಹೊಲಕ್ಕೆ ಹೋಗಿ, ಬೆಳಗಾಗುವಾಗ ವಾಪಸು ಕೆರೆಗೆ ಬಂದು, ಹಗಲೆಲ್ಲ ಕೆಸರು ದಿಣ್ಣೆಯ ಮೇಲೆ ಮಲಗುತ್ತವೆ ಎಂದು ಹೇಳಿದರೆ ಅದು ಹೆಬ್ಬಾತಿನ ನಡತೆ. ಹಗಲಲ್ಲೇ ಜೋಡಿಯಾಗಿ ದಡದಲ್ಲಿ ಓಡಾಡುವ ಕೇಸರಿ ಬಣ್ಣದ ಬಾತು ಎಂದರೆ ರಡ್ಡಿ ಶೆಲ್‌ಡಕ್. ಗಂಡಿನ ಕೊಕ್ಕಿನ ಮೇಲೆ ಉಬ್ಬು ಇದೆ, ಮೈ ಕಪ್ಪು ಬಿಳುಪು ಎಂದರೆ ನಾಬ್-ಬಿಲ್ಡ್ ಡಕ್. ಕೊನೆಯಲ್ಲಿ ನಾಲ್ಕೈದು ಹಕ್ಕಿಗಳ ಚಿತ್ರವನ್ನು ಒಟ್ಟಿಗೆ ಇಟ್ಟು ಆರಿಸಲು ಹೇಳಬಹುದು. ಆ ಚಿತ್ರಗಳಲ್ಲಿ ಕರ್ನಾಟಕಕ್ಕೆ ಬಾರದ ಹಕ್ಕಿಯೊಂದು ಇರಲೇಬೇಕು. ಅದನ್ನೂ ‘ಇದೂ ಬರುತ್ತೆ’ ಎಂದರೆ ಉಳಿದ ಮಾತಿನ ತೂಕ ಎಷ್ಟೆಂದು ತಿಳಿಯುತ್ತದೆ.

ವರ್ಷವನ್ನು ನೇರವಾಗಿ ಕೇಳಿದರೆ ಸಿಗುವುದಿಲ್ಲ. ಕೆರೆ ಕೋಡಿ ಬಿದ್ದ ವರ್ಷ, ಪೂರ್ತಿ ಒಣಗಿದ ವರ್ಷ, ಹೂಳೆತ್ತಿದ ವರ್ಷ, ಮಗಳ ಮದುವೆ, ಇಂಥ ಗುರುತಿಗೆ ಕಟ್ಟಿ ಕೇಳಿದರೆ ಸಿಗುತ್ತದೆ. ಹಾಗೆ ಸಿಕ್ಕ ವರ್ಷವನ್ನು ‘ಸುಮಾರು’ ಎಂದೇ ಬರೆಯುತ್ತೇವೆ, ದಿನಾಂಕ ಕಟ್ಟಿ ತುಂಬಿಸುವುದಿಲ್ಲ.

ಇನ್ನು ಫೋಟೊ. ಹೊಸ ಜಾತಿ ಬೇರ್ಪಟ್ಟಾಗ ಮತ್ತೆ ಪರೀಕ್ಷೆಗೆ ನಿಲ್ಲಬಲ್ಲ ಪುರಾವೆ ಬಹುಮಟ್ಟಿಗೆ ಇದೊಂದೇ. ಆದ್ದರಿಂದ ಮೂಲ ಕಡತವನ್ನೇ ಕೇಳುತ್ತೇವೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ತೆಗೆದ ದಿನ, ಸಮಯ, ಜಾಗದ ಮಾಹಿತಿ ಅಳಿದುಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಅದೇ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲ ಉಳಿಯುತ್ತದೆ. ಕಡತದೊಳಗಿನ ದಿನಾಂಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬ್ಯಾಟರಿ ಬಹಳ ದಿನ ತೆಗೆದಿಟ್ಟ ಕ್ಯಾಮೆರಾದ ಗಡಿಯಾರ ತನ್ನ ಆರಂಭದ ದಿನಾಂಕಕ್ಕೆ ಮರಳುತ್ತದೆ. ಚಳಿಗಾಲದ ವಲಸೆ ಹಕ್ಕಿಯ ಫೋಟೊ ಜುಲೈ ಎಂದು ತೋರಿಸಿದರೆ ಅದೇ ಕಾರ್ಡಿನ ಹಿಂದಿನ ಮುಂದಿನ ಚಿತ್ರಗಳನ್ನು ನೋಡುತ್ತೇವೆ. ಕೊಯ್ದ ರಾಗಿ ಹೊಲ, ಸುಗ್ಗಿಯ ಕಣ, ಜಾತ್ರೆಯ ಚಿತ್ರ ಪಕ್ಕದಲ್ಲಿದ್ದರೆ ಗಡಿಯಾರ ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಬಹುದು.

ಚಿತ್ರದಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಮೊದಲು ಆಕಾರ. ಸಂಜೆಯ ಬಿಸಿಲಿಗೆ ಗುಲಾಬಿ ಕೊಕ್ಕು ಕಿತ್ತಳೆಯಾಗುತ್ತದೆ. ಕೆಸರು ಮೆತ್ತಿದ ಕಾಲು ಯಾವ ಬಣ್ಣಕ್ಕೂ ಕಾಣುತ್ತದೆ. ಹಣೆ ಎಷ್ಟು ಕಡಿದಾಗಿ ಏರಿದೆ, ತಲೆಯ ಉದ್ದಕ್ಕೆ ಹೋಲಿಸಿದರೆ ಕೊಕ್ಕು ಎಷ್ಟುದ್ದ, ಬುಡದಲ್ಲಿ ಎಷ್ಟು ದಪ್ಪ ಎಂಬುದು ಬೆಳಕಿಗೆ ಬದಲಾಗದು. ಕೆನಡಾ ಗೂಸ್‌ನಿಂದ ಕ್ಯಾಕ್ಲಿಂಗ್ ಅನ್ನು ಬೇರ್ಪಡಿಸುವುದು ಇದೇ: ಮೋಟು ಕೊಕ್ಕು, ಕಡಿದಾದ ಹಣೆ, ಗಿಡ್ಡ ಕುತ್ತಿಗೆ. ಟುಂಡ್ರಾ ಬೀನ್ ಗೂಸ್‌ಗೆ ಚಿಕ್ಕ, ದಪ್ಪ ಕೊಕ್ಕು, ಅದರ ಮೇಲೆ ಸಾಮಾನ್ಯವಾಗಿ ಸಣ್ಣ ಕಿತ್ತಳೆ ಪಟ್ಟಿ. ಟೈಗಾಕ್ಕೆ ಉದ್ದ, ತೆಳು ಕೊಕ್ಕು, ಕಿತ್ತಳೆ ಹೆಚ್ಚು. ಒಟ್ಟು ಗಾತ್ರವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಕೆನಡಾ ಗೂಸ್‌ನ ಸಣ್ಣ ಉಪಜಾತಿಯೂ ಕ್ಯಾಕ್ಲಿಂಗ್‌ನ ದೊಡ್ಡ ಉಪಜಾತಿಯೂ ಗಾತ್ರದಲ್ಲಿ ಒಂದರೊಳಗೊಂದು ಸೇರಿಹೋಗುತ್ತವೆ, ಹೆಣ್ಣು ಗಂಡಿಗಿಂತ ಸಣ್ಣದು, ಒಂಟಿ ಹಕ್ಕಿಯ ಪಕ್ಕದಲ್ಲಿ ಅಳೆಯಲು ಏನೂ ಇರುವುದಿಲ್ಲ. ಹೊಸ ಜಾತಿ ಘೋಷಣೆಯಾದ ಮೊದಲ ಕೆಲವು ಚಳಿಗಾಲಗಳಲ್ಲಿ ‘ಸಣ್ಣದಾಗಿತ್ತು’ ಎಂಬ ಒಂದೇ ಆಧಾರದ ವರದಿಗಳು ತುಂಬಿ ಬರುವುದು ಸಹಜ. ಅವನ್ನು ತಳ್ಳಿಹಾಕದೆ ಇಟ್ಟುಕೊಳ್ಳಬೇಕು, ಒಪ್ಪಿಕೊಳ್ಳಲೂಬಾರದು.

ನಮ್ಮ ಕಡೆ ಹೆಚ್ಚು ತೊಡಕು ತರುವುದು ಮರಿಗಳು. ಬೆಳೆದ ಪಟ್ಟೆತಲೆ ಹೆಬ್ಬಾತಿಗೆ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಕುತ್ತಿಗೆಯ ಪಕ್ಕದಲ್ಲಿ ಉದ್ದ ಬಿಳಿ ಗೆರೆ, ಗುರುತು ತಪ್ಪುವ ಹಾಗೇ ಇಲ್ಲ. ಮೊದಲ ಚಳಿಗಾಲದ ಮರಿಗೆ ಆ ಎರಡು ಪಟ್ಟೆ ಇರುವುದಿಲ್ಲ. ನೆತ್ತಿ ಮತ್ತು ಕುತ್ತಿಗೆಯ ಹಿಂಭಾಗ ಕಂದಾಗಿರುತ್ತವೆ. ಗುಂಪಿನಿಂದ ಬೇರೆಯಾಗಿ ಕಂಡರೆ ‘ಬೇರೆ ಜಾತಿಯ ಹೆಬ್ಬಾತು’ ಎಂದು ವರದಿಯಾಗುತ್ತದೆ. ಬಿಳಿಹಣೆ ಹೆಬ್ಬಾತಿನ ಮರಿಗೂ ಹಣೆಯ ಬಿಳುಪಾಗಲಿ ಹೊಟ್ಟೆಯ ಕಪ್ಪು ಅಡ್ಡಗೆರೆಯಾಗಲಿ ಇರುವುದಿಲ್ಲ. ಹಾಗಾಗಿ ದಾಖಲೆಯಲ್ಲಿ ಬೆಳೆದವು ಎಷ್ಟು, ಮರಿಗಳು ಎಷ್ಟು ಎಂದು ಬೇರೆ ಬೇರೆ ಕಾಲಂ ಇದೆ.

ಗ್ರೇಲ್ಯಾಗ್ ವರದಿ ಬಂದಾಗ ಮೊದಲ ಅನುಮಾನ ಸಾಕಿದ ಹಕ್ಕಿಯ ಮೇಲೆ. ತೋಟದ ಮನೆಗಳಲ್ಲಿ, ರೆಸಾರ್ಟ್‌ಗಳಲ್ಲಿ ಸಾಕುವ ಹೆಬ್ಬಾತು ಗ್ರೇಲ್ಯಾಗ್ ವಂಶದ್ದೇ ಇರಬಹುದು, ಇಲ್ಲವೇ ಸ್ವಾನ್ ಗೂಸ್ ವಂಶದ್ದು, ಕೊಕ್ಕಿನ ಬುಡದಲ್ಲಿ ಗುಬುಟು ಇರುವಂಥದ್ದು. ಸಾಕಿದ್ದಕ್ಕೆ ಹಿಂಭಾಗ ಭಾರ, ಹೊಟ್ಟೆ ನೆಲಕ್ಕೆ ಜೋತಂತೆ, ಮೈಯಲ್ಲಿ ಅಡ್ಡಾದಿಡ್ಡಿ ಬಿಳಿ ಮಚ್ಚೆ. ಕಾಡಿನ ಗ್ರೇಲ್ಯಾಗ್ ಹಾರುವಾಗ ರೆಕ್ಕೆಯ ಮುಂಭಾಗ ತಿಳಿಬೂದಾಗಿ ಹೊಳೆಯುತ್ತದೆ. ಪೂರ್ವದ ಉಪಜಾತಿಗೆ ಕೊಕ್ಕು ಗುಲಾಬಿ, ಪಶ್ಚಿಮದ್ದಕ್ಕೆ ಕಿತ್ತಳೆ. ಕೊಕ್ಕಿನ ಬಣ್ಣ ಬರೆದಿಟ್ಟರೆ ಮುಂದೆ ಎಂದಾದರೂ ಈ ಎರಡೂ ಬೇರೆ ಜಾತಿ ಎಂದಾದಾಗ ನಮ್ಮ ಜಿಲ್ಲೆಯ ಸಾಲುಗಳು ತಾವೇ ಉತ್ತರ ಹೇಳುತ್ತವೆ.

ಎಣಿಕೆಗೆ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲ. ಬೆಳಿಗ್ಗೆ ಪೂರ್ವದ ದಡದಲ್ಲಿ, ಸಂಜೆ ಪಶ್ಚಿಮದ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ. ಏರಿ ಎತ್ತರದಲ್ಲಿದೆ ಎಂದು ಅಲ್ಲೇ ನಿಲ್ಲುವ ಅಭ್ಯಾಸ ಹಲವರಿಗಿದೆ. ಹೆಬ್ಬಾತು ಕೂರುವುದು ಸಾಮಾನ್ಯವಾಗಿ ಎದುರು ದಡದ, ನೀರು ಸರಿದ ಕೆರೆ ಅಂಗಳದಲ್ಲಿ. ಹತ್ತು ಗಂಟೆ ದಾಟಿದರೆ ಬಿಸಿಲಿನ ಅಲೆಗೆ ದೂರದ ತಲೆಪಟ್ಟೆ ಕರಗಿಹೋಗುತ್ತದೆ, ಸ್ಪಾಟಿಂಗ್ ಸ್ಕೋಪ್ ಎಂಬ ದೂರದರ್ಶಕ 60 ಪಟ್ಟು ಹಿಗ್ಗಿಸಿದರೂ ಉಪಯೋಗವಿಲ್ಲ. ಹತ್ತು ಹಕ್ಕಿಯ ಒಂದು ತುಂಡು ಕಣ್ಣಲ್ಲಿ ಹಿಡಿದು ಅದೇ ಅಳತೆಯಲ್ಲಿ ಗುಂಪನ್ನು ದಾಟಿ, ಮತ್ತೆ ಎದುರು ದಿಕ್ಕಿನಿಂದ ಎಣಿಸುತ್ತೇವೆ. ಎರಡೂ ಲೆಕ್ಕ ಬೇರೆ ಬಂದರೆ ಎರಡನ್ನೂ ಬರೆಯುತ್ತೇವೆ. ಜಾವಗಲ್, ಬೆಳವಾಡಿ, ಹಳೇಬೀಡಿನಂತೆ ಹತ್ತಿರ ಹತ್ತಿರದ ಕೆರೆಗಳಲ್ಲಿ ಒಂದೇ ಗುಂಪು ಎರಡು ಕಡೆ ಎಣಿಕೆಯಾಗಬಹುದು. ಒಂದೇ ಹೊತ್ತಿಗೆ ಇಬ್ಬರು ಎರಡು ಕೆರೆಯಲ್ಲಿ ನಿಂತು ಎಣಿಸಿದ ಹೊರತು ಅವನ್ನು ಕೂಡಿಸುವುದಿಲ್ಲ, ದೊಡ್ಡ ಸಂಖ್ಯೆಯನ್ನಷ್ಟೇ ಇಟ್ಟುಕೊಳ್ಳುತ್ತೇವೆ. ಹೋಗಿ ನೋಡಿ ಹೆಬ್ಬಾತು ಕಾಣದ ದಿನವೂ ದಾಖಲೆಯೇ: ಕೆರೆ, ಹೊತ್ತು, ನೀರಿನ ಮಟ್ಟ, ‘ಇಲ್ಲ’. ಕೆರೆ ಕಟ್ಟೆಮಟ್ಟಕ್ಕೆ ತುಂಬಿದ ವರ್ಷ ಕೆಸರು ದಡ ಮುಳುಗಿ ಹಕ್ಕಿ ಬೇರೆಡೆಗೆ ಹೋಗುತ್ತದೆ. ನೀರಿನ ಮಟ್ಟ ಬರೆಯದಿದ್ದರೆ ಆ ‘ಇಲ್ಲ’ಕ್ಕೆ ಕಾರಣ ತಿಳಿಯುವುದಿಲ್ಲ.

ಸಂಶೋಧಕರು ಗುರುತಿಗೆ ಹಾಕಿದ, ಅಕ್ಷರಗಳಿರುವ ಕೊರಳಪಟ್ಟಿಯ ಹಕ್ಕಿ ಕಂಡರೆ ಉಳಿದೆಲ್ಲ ಬಿಟ್ಟು ಅದನ್ನು ಓದಬೇಕು. ಮಂಗೋಲಿಯಾದಲ್ಲಿ ಪಟ್ಟಿ ಹಾಕಿಸಿಕೊಂಡ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರಗಳನ್ನು ಯಾವ ದಿಕ್ಕಿನಲ್ಲಿ ಓದಿದಿರಿ ಎಂಬ ಮೂರೂ ಬೇಕು. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಐ’ ಅಕ್ಷರವೋ ಎಂಬ ಅನುಮಾನವಿದ್ದರೆ ಅನುಮಾನವನ್ನೇ ಬರೆಯಿರಿ. ಹತ್ತಿರ ಹೋಗಿ ಹಾರಿಸಬೇಡಿ. ಸತ್ತ ಹೆಬ್ಬಾತನ್ನು ಮುಟ್ಟಲೂಬೇಡಿ: 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ ಹಕ್ಕಿಜ್ವರಕ್ಕೆ ಸಾವಿರಾರು ನೀರಹಕ್ಕಿಗಳು ಸತ್ತಾಗ ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತು ಬಹಳವಿದ್ದವು. ಪಶುಸಂಗೋಪನಾ ಇಲಾಖೆಗೆ ಹೇಳಿ, ಫೋಟೊ ಮಾತ್ರ ತೆಗೆಯಿರಿ.

ಬಂದದ್ದನ್ನೆಲ್ಲ ಶೀಟಿಗೆ ಏರಿಸುವಾಗ ಸಣ್ಣ ತಪ್ಪುಗಳೇ ಹೆಚ್ಚು ಹಾಳು ಮಾಡುತ್ತವೆ. ಡಿಸೆಂಬರ್ 5 ಎಂಬ ಅರ್ಥದ 05-12ನ್ನು ಎಕ್ಸೆಲ್ ಕೆಲವು ಕಂಪ್ಯೂಟರ್‌ಗಳಲ್ಲಿ ತನ್ನಷ್ಟಕ್ಕೆ ಮೇ 12 ಮಾಡಿಬಿಡುತ್ತದೆ. ಅದಕ್ಕೆ ದಿನ, ತಿಂಗಳು, ವರ್ಷ ಮೂರು ಬೇರೆ ಕಾಲಂ. 13 ಡಿಗ್ರಿ 18 ನಿಮಿಷ ಎಂದರೆ ದಶಮಾಂಶದಲ್ಲಿ 13.30. ಅದನ್ನು 13.18 ಎಂದು ಬರೆದರೆ ಕೆರೆ ಸುಮಾರು 13 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ, ತಾಲ್ಲೂಕೇ ಬದಲಾಗುತ್ತದೆ. ಎರಡೂ ಜಿಲ್ಲೆ ಸೇರಿ ಅಕ್ಷಾಂಶ 12.5ರಿಂದ 14ರ ಒಳಗೆ, ರೇಖಾಂಶ 75ರಿಂದ 76.7ರ ಒಳಗೆ ಬರಬೇಕು. ಹೊರಗೆ ಬಿದ್ದ ಸಾಲು ಕೆಂಪಾಗುವಂತೆ ಶೀಟಿನಲ್ಲಿ ಹೊಂದಿಸಿದ್ದೇವೆ. ಹೋಬಳಿಗೊಂದು ದೊಡ್ಡಕೆರೆ, ಊರಿಗೊಂದು ಹೊಸಕೆರೆ ಇರುವುದರಿಂದ ಕೆರೆಯ ಜೊತೆ ಗ್ರಾಮ, ಹೋಬಳಿ ಕಡ್ಡಾಯ.

ಪ್ರತಿ ಸಾಲಿಗೂ ಒಂದು ದರ್ಜೆ. ಮೂಲ ಫೋಟೊ ಅಥವಾ ಓದಿದ ಕೊರಳಪಟ್ಟಿ ಇದ್ದರೆ ‘ಅ’. ತಲೆ, ಕೊಕ್ಕು, ಕುತ್ತಿಗೆ, ಕಾಲಿನ ವಿವರ ಆ ದಿನವೇ ಬರೆದದ್ದಾದರೆ ‘ಆ’. ಹೆಸರು, ಸಂಖ್ಯೆ ಮಾತ್ರ ಇದ್ದರೆ ‘ಇ’. ‘ಇ’ ದರ್ಜೆ ಎಂದರೆ ಸುಳ್ಳು ಎಂದಲ್ಲ, ನೋಡಿದವರ ಮೇಲಿನ ಗೌರವಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾತಿ ಒಡೆದಾಗ ಅಂಥ ಸಾಲು ‘ಇದು ಅಥವಾ ಅದು’ ಎಂಬ ಜೋಡಿ ಹೆಸರಿನಡಿ ಹೋಗುತ್ತದೆ, ಅಷ್ಟೆ. ಇಬರ್ಡ್ ಕೂಡ ಹೀಗೇ ಮಾಡುತ್ತದೆ: ಎರಡೂ ಜಾತಿ ಸಿಗುವ ಪ್ರದೇಶದ ಹಳೆಯ ದಾಖಲೆಗಳನ್ನು ನಡುವೆ ಓರೆಗೆರೆ (/) ಇರುವ ಜೋಡಿ ಹೆಸರಿನಡಿ ಇಡುತ್ತದೆ, ಒಂದೇ ಜಾತಿ ಸಿಗುವ ಕಡೆ ತಾನೇ ಹೊಸ ಹೆಸರಿಗೆ ಬದಲಿಸುತ್ತದೆ.

ಶೀಟಿನಲ್ಲಿ ಹೆಸರಿಗೆ ಎರಡು ಕಾಲಂ ಇವೆ. ಒಂದರಲ್ಲಿ ನೋಡಿದವರು ಬರೆದ ಹೆಸರು, ಅವರ ಕಾಗುಣಿತದಲ್ಲೇ. ಅದಕ್ಕೆ ಬೀಗ ಹಾಕಿರುತ್ತದೆ, ಯಾರೂ ತಿದ್ದುವಂತಿಲ್ಲ. ಇನ್ನೊಂದರಲ್ಲಿ ಈಗಿನ ಹೆಸರು, ಯಾರು ಯಾವ ದಿನ ಏಕೆ ಬದಲಿಸಿದರು ಎಂಬ ಟಿಪ್ಪಣಿಯೊಂದಿಗೆ. ಹಳೆಯ ನೋಟ್‌ಪುಸ್ತಕ ಕೊಡುವವರಿಂದ ಪುಸ್ತಕವನ್ನು ಇಟ್ಟುಕೊಳ್ಳುವುದಿಲ್ಲ. ಪುಟಗಳ ಫೋಟೊ ತೆಗೆದು, ಪುಟಸಂಖ್ಯೆಯನ್ನು ಸಾಲಿನ ಎದುರು ಬರೆದು, ಅದೇ ದಿನ ವಾಪಸು ಕೊಡುತ್ತೇವೆ. ನಿಮ್ಮಲ್ಲಿ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ಕೆರೆಗಳ ಹಳೆಯ ಬರಹವಿದ್ದರೆ ಹೆಬ್ಬಾತು ಇರುವ ಪುಟವೊಂದನ್ನೇ ಅಲ್ಲ, ಆ ದಿನದ ಪೂರ್ತಿ ಪುಟವನ್ನು ಕೊಡಿ. ಪುಟದ ಬೇರೆ ಕಡೆ ಹಕ್ಕಿಯ ವಿವರ ಸಿಕ್ಕಿದರೆ ಎಷ್ಟೋ ‘ಇ’ ಸಾಲುಗಳು ‘ಆ’ ದರ್ಜೆಗೆ ಏರುತ್ತವೆ.